ಆಮದಾದ ಮುತ್ತಜ್ಜಂದಿರು

ವಂಶವೃಕ್ಷ ಬರೆದಿಡುವ ತಂತ್ರಾಂಶಗಳಲ್ಲಿ ‘ಇಂಪೋರ್ಟ್’ ಎಂಬ ಒಂದು ಆಯ್ಕೆ ಇರುತ್ತದೆ. ಬೇರೊಬ್ಬರು ವರ್ಷಗಟ್ಟಲೆ ಕೂತು ಕಟ್ಟಿದ ವಂಶಾವಳಿಯ ಫೈಲನ್ನು ಅದಕ್ಕೆ ತೋರಿಸಿದರೆ ಸಾಕು, ಕೆಲವೇ ಸೆಕೆಂಡುಗಳಲ್ಲಿ ಅಲ್ಲಿದ್ದವರೆಲ್ಲ ನಮ್ಮ ಮರಕ್ಕೆ ಬಂದು ಸೇರುತ್ತಾರೆ. ಅಲ್ಲಿಯವರೆಗೆ ಮುತ್ತಜ್ಜನ ಹೆಸರಿಗೇ ನಿಂತುಹೋಗಿದ್ದ ಬಳ್ಳಿ ಒಮ್ಮೆಲೇ ಏಳೆಂಟು ತಲೆಮಾರು ಹಿಂದಕ್ಕೆ ಹಬ್ಬುತ್ತದೆ. ಹೀಗೆ ಬಂದವರು ನನಗೆ ಯಾರು? ಅವರ ಬಗ್ಗೆ ನನಗೆ ‘ಗೊತ್ತು’ ಎಂದು ಹೇಳುವ ಹಕ್ಕು ಒಂದು ಗುಂಡಿ ಒತ್ತಿದ್ದರಿಂದ ಬಂತೇ?

ಕಾನೂನಿನ ಮಟ್ಟಿಗೆ ಇದರಲ್ಲಿ ದೊಡ್ಡ ತಕರಾರಿಲ್ಲ. ಇಂಥವರ ಮಗ ಇಂಥವರು, ಇಂಥ ವರ್ಷ ತೀರಿಕೊಂಡರು ಎಂಬುದು ವಾಸ್ತವಾಂಶ. ವಾಸ್ತವಾಂಶಕ್ಕೆ ಕಾಪಿರೈಟ್ ಇಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ ಟೆಲಿಫೋನ್ ಡೈರೆಕ್ಟರಿಯೊಂದರ ಮೊಕದ್ದಮೆಯಲ್ಲಿ, ಬೆವರು ಸುರಿಸಿ ಕಲೆಹಾಕಿದ ಮಾತ್ರಕ್ಕೆ ಪಟ್ಟಿ ಯಾರೊಬ್ಬರ ಸ್ವತ್ತೂ ಆಗುವುದಿಲ್ಲ ಎಂದಿತು. ನಮ್ಮ ಸುಪ್ರೀಂ ಕೋರ್ಟ್ ಕೂಡ 2007ರಲ್ಲಿ, ತೀರ್ಪುಗಳನ್ನು ಸಂಪಾದಿಸಿ ಪ್ರಕಟಿಸುವವರ ಮೊಕದ್ದಮೆಯಲ್ಲಿ, ಬರೀ ಶ್ರಮ ಸಾಲದು, ಅಲ್ಪಸ್ವಲ್ಪವಾದರೂ ಸ್ವಂತಿಕೆ ಇರಬೇಕು ಎಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ವ್ಯಕ್ತಿಯೊಬ್ಬ ಸ್ವಂತಕ್ಕೋ ಮನೆಯ ಬಳಕೆಗೋ ಇಟ್ಟುಕೊಂಡ ಮಾಹಿತಿಯ ತಂಟೆಗೆ ಬರುವುದಿಲ್ಲ. ಹಾಗಾಗಿ ಕಳ್ಳತನದ ಪ್ರಶ್ನೆಯನ್ನು ಬದಿಗಿಡೋಣ. ಕೊಟ್ಟವರು ಮನಸಾರೆ ಕೊಟ್ಟಾಗಲೂ ಉಳಿಯುವ ಪ್ರಶ್ನೆ ಬೇರೆ.

ನನಗೆ ಕೊಟ್ಟವರು ದೊಡ್ಡಪ್ಪ. ಅಂದರೆ ಅಪ್ಪನ ದೊಡ್ಡಪ್ಪನ ಮಗ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮದುವೆ, ಗೃಹಪ್ರವೇಶ, ತಿಥಿ ಒಂದನ್ನೂ ಬಿಡದೆ ಬಸ್ಸು ಹತ್ತಿ ಹೋಗಿ ಹೆಸರು ಬರೆದುಕೊಂಡು ಬಂದವರು. ಅವರ ಫೈಲಿನಲ್ಲಿ ಸಾವಿರದ ನಾನೂರಕ್ಕೂ ಹೆಚ್ಚು ಜನರಿದ್ದರು. ಫೋನಿನಲ್ಲಿ ತೆಗೆದ ಒಂದು ಫೋಟೋದಷ್ಟೂ ದೊಡ್ಡದಲ್ಲ ಆ ಫೈಲು. ನಾನು ಹೆಣಗಾಡಿ ಸೇರಿಸಿಕೊಂಡಿದ್ದು ಎಂಬತ್ತಾರು ಜನರನ್ನು. ‘ತಗೊಳೇ, ಎಲ್ಲ ನಮ್ಮೋರೇ ತಾನೇ, ಮತ್ತೆ ಮೊದಲಿಂದ ಯಾಕೆ ಕಷ್ಟಪಡ್ತೀಯ’ ಎಂದರು.

ಇಂಥ ಫೈಲುಗಳ ವಿನ್ಯಾಸಕ್ಕೆ ಗೆಡ್‌ಕಾಮ್ ಎಂದು ಹೆಸರು. 1984ರಲ್ಲಿ ಇದನ್ನು ರೂಪಿಸಿದ್ದು ಅಮೆರಿಕದ ಉಟಾ ರಾಜ್ಯದ ಮಾರ್ಮನ್ ಚರ್ಚು. ಅವರಿಗೇಕೆ ವಂಶಾವಳಿಯ ಉಸಾಬರಿ ಎಂಬುದಕ್ಕೆ ಆಮೇಲೆ ಬರುತ್ತೇನೆ. ನೋಟ್‌ಪ್ಯಾಡಿನಲ್ಲಿ ತೆರೆದರೂ ಓದಬಹುದಾದ ಸಾದಾ ಪಠ್ಯ ಅದು. ಒಬ್ಬೊಬ್ಬ ವ್ಯಕ್ತಿಗೂ ಒಂದು ಕ್ರಮಸಂಖ್ಯೆ, ಆ ಸಂಖ್ಯೆಯ ಕೆಳಗೆ ಹೆಸರು, ಹುಟ್ಟು, ಸಾವು. ಸಂಸಾರಕ್ಕೆ ಬೇರೆಯದೇ ಸಂಖ್ಯೆ. ಅದರೊಳಗೆ ಗಂಡ ಯಾರು, ಹೆಂಡತಿ ಯಾರು, ಮಕ್ಕಳು ಯಾರ್‍ಯಾರು ಎಂಬ ಸೂಚನೆ. ಪ್ರತಿಯೊಂದು ವಿವರದ ಕೆಳಗೂ ಅದರ ಆಕರ ಬರೆಯಲು ಜಾಗ ಇದೆ. ದೊಡ್ಡಪ್ಪನ ಫೈಲಿನಲ್ಲಿ ಆ ಜಾಗಗಳೆಲ್ಲ ಖಾಲಿ.

ಖಾಲಿ ಇರಬೇಕಾದ ಕಾರಣವೇ ಇರಲಿಲ್ಲ. ಅವರ ಮನೆಗೆ ಹೋದಾಗ ಮೂರು ಉದ್ದನೆಯ ನೋಟ್‌ಬುಕ್ಕುಗಳನ್ನು ತೋರಿಸಿದರು. ಲೆಡ್ಜರ್ ಬರೆದು ಪಳಗಿದ ಕೈಯ ಅಕ್ಷರ. ಪ್ರತಿ ಹೆಸರಿನ ಪಕ್ಕದಲ್ಲೂ ಯಾರು ಹೇಳಿದ್ದು ಎಂಬುದಿದೆ. ಕೊಪ್ಪದ ಅತ್ತೆ ಹೇಳಿದ್ದು, ಊಟಕ್ಕೆ ಕೂತಾಗ. ಇವರಿಗೆ ಖಾತ್ರಿ ಇಲ್ಲ. ಪಹಣಿಯಲ್ಲಿ ಬೇರೆ ಹೆಸರಿದೆ, ವಿಚಾರಿಸಬೇಕು. ಒಂದು ಕಡೆ, ಅಜ್ಜಿಯ ಅತ್ತಿಗೆಯೊಬ್ಬರು ‘ದೊಡ್ಡ ಜ್ವರದ ವರ್ಷ ಎದೆಹಾಲು ಕುಡಿಯೋ ಕೂಸು’ ಎಂದಿದೆ. ಆ ಜ್ವರ 1918ರ ಇನ್‌ಫ್ಲುಯೆಂಜಾ ಇರಬೇಕು ಎಂದು ದೊಡ್ಡಪ್ಪ ಊಹಿಸಿದ್ದಾರೆ, ಊಹೆ ಎಂದು ಬರೆದೂ ಇದ್ದಾರೆ. ಕಂಪ್ಯೂಟರಿಗೆ ಏರಿಸುವಾಗ ಮಾತ್ರ ‘1918’ ಎಂದು ಕೂತಿತು. ‘ಸುಮಾರು’ ಎಂದು ಸೇರಿಸಲು ಗೆಡ್‌ಕಾಮ್‌ನಲ್ಲಿ ಸೌಲಭ್ಯ ಇದೆ, ಅವರಿಗೆ ಗೊತ್ತಿರಲಿಲ್ಲ. ನಾನು ಆಮದು ಮಾಡಿಕೊಂಡಿದ್ದರೆ ನನ್ನ ಮರದಲ್ಲೂ 1918. ಹಾಲು ಕುಡಿಯುವ ಕೂಸೂ ಇಲ್ಲ, ಜ್ವರವೂ ಇಲ್ಲ, ಹೇಳಿದ ಮುದುಕಿಯೂ ಇಲ್ಲ. ನಾಲ್ಕಂಕಿಯ ಸಂಖ್ಯೆ ಮಾತ್ರ, ಅದೂ ಒಬ್ಬ ಗುಮಾಸ್ತ ಕಣ್ಣಾರೆ ಕಂಡು ದಾಖಲಿಸಿದನೇನೋ ಎಂಬ ಠೀವಿಯಲ್ಲಿ.

ಶಬ್ದಪ್ರಮಾಣದ ಬಗ್ಗೆ ನ್ಯಾಯದರ್ಶನದವರು ಹೇಳುವುದು ನನಗೆ ಇಲ್ಲಿ ಬಹಳ ಉಪಯೋಗಕ್ಕೆ ಬಂತು. ಇನ್ನೊಬ್ಬರ ಮಾತಿನಿಂದಲೂ ಜ್ಞಾನ ಬರುತ್ತದೆ ಎಂದು ಅವರು ಒಪ್ಪುತ್ತಾರೆ. ಒಪ್ಪದೆ ಗತಿಯೂ ಇಲ್ಲ, ನಾನು ಹುಟ್ಟಿದ ದಿನಾಂಕವೂ ನನಗೆ ಯಾರೋ ಹೇಳಿದ್ದೇ. ಆದರೆ ಆ ಮಾತು ಆಪ್ತನದಾಗಿರಬೇಕು. ನಮ್ಮ ದಿನಬಳಕೆಯ ಕನ್ನಡದಲ್ಲಿ ಆಪ್ತ ಎಂದರೆ ಹತ್ತಿರದವನು, ಹತ್ತಿರದವನಾದ್ದರಿಂದ ನಂಬುತ್ತೇವೆ. ನ್ಯಾಯದವರ ಆಪ್ತ ನೆಂಟನಾಗಬೇಕಿಲ್ಲ. ವಿಷಯವನ್ನು ನೇರವಾಗಿ ಬಲ್ಲವನಾಗಿರಬೇಕು, ಬಲ್ಲದ್ದನ್ನು ಬಲ್ಲಂತೆಯೇ ತಿಳಿಸುವ ಮನಸ್ಸಿರಬೇಕು, ಅಷ್ಟೇ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎನ್ನುತ್ತಾನೆ ಭಾಷ್ಯಕಾರ ವಾತ್ಸ್ಯಾಯನ. ದೊಡ್ಡಪ್ಪ ನನಗೆ ಕನ್ನಡದ ಅರ್ಥದಲ್ಲಿ ಆಪ್ತರು. ಮುತ್ತಜ್ಜಿಯ ಹುಟ್ಟಿನ ವಿಷಯದಲ್ಲಿ ನ್ಯಾಯದ ಅರ್ಥದಲ್ಲಿ ಆಪ್ತರಲ್ಲ, ಇದ್ದರೆ ಕೊಪ್ಪದ ಅತ್ತೆ ಇರಬಹುದು. ಫೈಲಿನಲ್ಲಿ ದೊಡ್ಡಪ್ಪನೂ ಇಲ್ಲ, ಅತ್ತೆಯೂ ಇಲ್ಲ. ಆಡಿದವರಿಲ್ಲದ ಮಾತನ್ನು ಆಪ್ತವಾಕ್ಯ ಎನ್ನುವುದು ಹೇಗೆ?

ಪ್ರಬಂಧದ ಕರಡಿನಲ್ಲಿ ಒಂದು ಇಸವಿಯನ್ನು ಆಕರವಿಲ್ಲದೆ ಬರೆದರೆ ನಮ್ಮ ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಾರೆ. ಸ್ವಂತ ಮುತ್ತಜ್ಜಿಗೆ ಅಷ್ಟೂ ಕಟ್ಟುನಿಟ್ಟು ಬೇಡವೆಂದು ನಮಗೆ ಯಾಕೆ ಅನ್ನಿಸುತ್ತದೋ.

ಆಡಿದವರು ಕಳಚಿಹೋದಾಗ ಆಗುವ ಅನಾಹುತಕ್ಕೆ ಗುಸ್ತಾವ್ ಆಂಜು ಎಂಬುವನ ಕತೆ ನೋಡಬೇಕು. 1863ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ, ನ್ಯೂಯಾರ್ಕಿನ ಸ್ಟ್ಯಾಟನ್ ಐಲೆಂಡಿನಲ್ಲಿ ನೆಲೆಸಿ, 1942ರಲ್ಲಿ ತೀರಿಕೊಂಡವನು. ಶ್ರೀಮಂತ ಅಮೆರಿಕನ್ ಕುಟುಂಬಗಳಿಗೆ ವಂಶಾವಳಿ ಬರೆದುಕೊಡುವುದು ಅವನ ಕಸುಬು. ಗಿರಾಕಿಗೆ ಬೇಕಾದದ್ದು ಯೂರೋಪಿನ ಕುಲೀನ ಮನೆತನದ ನಂಟು. ಆಂಜು ನಿಜವಾದ ದಾಖಲೆಗಳನ್ನೇ ಸಾಲಾಗಿ ಜೋಡಿಸಿ, ನಡುವೆ ಎಲ್ಲಿ ಕೊಂಡಿ ತಪ್ಪಿದೆಯೋ ಅಲ್ಲಿಗೆ ಮಾತ್ರ ಕಟ್ಟುಕತೆಯ ಉಯಿಲನ್ನೋ ಚರ್ಚಿನ ದಾಖಲೆಯನ್ನೋ ಇಡುತ್ತಿದ್ದ. ಅವನ ಮೋಸ ಎಂದೋ ಬಯಲಾಗಿದೆ, ವಂಶಾವಳಿ ವಿದ್ವಾಂಸರು ಅವನ ಸುಳ್ಳು ವಂಶಾವಳಿಗಳ ಪಟ್ಟಿಯನ್ನೇ ಮಾಡಿದ್ದಾರೆ. ಆದರೂ ಅವು ಇಂದಿಗೂ ಜನರ ವಂಶವೃಕ್ಷಗಳಲ್ಲಿ ಓಡಾಡುತ್ತಿವೆ. ಗ್ರಂಥಾಲಯದ ಪುಸ್ತಕದಿಂದ ಒಬ್ಬ ನಕಲು ಮಾಡಿಕೊಂಡ, ಅವನಿಂದ ಹತ್ತು ಜನ ಆಮದು ಮಾಡಿಕೊಂಡರು, ಹತ್ತರಿಂದ ನೂರು. ಈಗ ಸಂಶಯ ಬಂದವನೊಬ್ಬ ಹುಡುಕಿದರೆ ನೂರು ಮರಗಳಲ್ಲೂ ಅದೇ ಹೆಸರು ಕಾಣುತ್ತದೆ. ನೂರು ಸಾಕ್ಷಿ ಇವೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಇರುವುದು ಒಂದೇ ಸಾಕ್ಷಿ, ಅದೂ ಸುಳ್ಳುಸಾಕ್ಷಿ.

ಇದನ್ನು ಅಮೆರಿಕದವರ ಹುಚ್ಚು ಎಂದು ನಗುವಂತಿಲ್ಲ. ಹನ್ನೊಂದನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರು ತಮ್ಮ ತಾಮ್ರಶಾಸನದಲ್ಲಿ ಅಯೋಧ್ಯೆಯಿಂದ 59 ಪೂರ್ವಜ ಅರಸರನ್ನು ತರಿಸಿಕೊಂಡಿದ್ದರು. ಅದೂ ಆಮದೇ. ಒಬ್ಬೊಬ್ಬರಾಗಿ ಅಲ್ಲ, ಸಗಟಾಗಿ.

ಹಿಂದೆ ವಂಶಾವಳಿ ಎನ್ನುವುದು ಹೀಗೆ ಕೈಯಿಂದ ಕೈಗೆ ಹಾರುವ ಸರಕಾಗಿರಲಿಲ್ಲ ಎಂದು ಹೇಳಹೊರಟಾಗ ನನಗೆ ಹೆಳವರು ನೆನಪಾಗುತ್ತಾರೆ. ಎತ್ತಿನ ಮೇಲೆ ಬಂದು, ಮನೆಯ ಮುಂದೆ ಗಂಟೆ ಬಾರಿಸಿ, ಆ ಮನೆತನದ ಹಿರಿಯರ ಹೆಸರನ್ನು ಒಂದೊಂದಾಗಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ದವಸವೋ ದುಡ್ಡೋ ಪಡೆದು ಹೋಗುವವರು. ಯಾವ ಹೆಳವರಿಗೆ ಯಾವ ಒಕ್ಕಲು ಎಂಬುದು ಅವರವರಲ್ಲೇ ಹಂಚಿಕೆಯಾಗಿರುತ್ತದೆ. ಆ ಮನೆಯ ವಂಶಾವಳಿ ಆ ಮನೆಯ ಅಂಗಳದಲ್ಲೇ ಕೇಳುತ್ತದೆ. ಹೇಳುವವನ ಮುಖ ಕಾಣುತ್ತದೆ, ಜಗಲಿಯಲ್ಲಿ ಕೂತ ಅಜ್ಜ ‘ಅಲ್ಲವಯ್ಯಾ, ಅವನು ಎರಡನೆಯವನು’ ಎಂದು ತಿದ್ದಬಹುದು. ಹರಿದ್ವಾರದ ಪಂಡಾಗಳ ವಹಿಗಳಲ್ಲಿಯೂ ಇದೇ ಕ್ರಮ, ಹೋದ ಯಾತ್ರಿಕರೇ ತಮ್ಮವರ ಹೆಸರು ಸೇರಿಸಿ ಬರುತ್ತಾರೆ. ಆದರೆ ಹಳೆಯದನ್ನು ಅತಿಯಾಗಿ ಹೊಗಳಲು ನನಗೆ ಮನಸ್ಸಿಲ್ಲ. ಹೆಳವರು ಎಲ್ಲರ ಮನೆಗೂ ಬರುತ್ತಿರಲಿಲ್ಲ. ಎಷ್ಟೋ ಕೇರಿಗಳ ಅಜ್ಜ ಮುತ್ತಜ್ಜಂದಿರನ್ನು ಯಾರೂ ಎತ್ತಿನ ಮೇಲೆ ಕೂತು ಹೆಸರು ಹಿಡಿದು ಕರೆದಿಲ್ಲ. ಬಂದ ಕಡೆಯೂ ಕೇಳಿಸುತ್ತಿದ್ದುದು ಹೆಚ್ಚಾಗಿ ಗಂಡಸರ ಸಾಲು.

ಗಂಡಸರ ಸಾಲು ದೊಡ್ಡಪ್ಪನ ಫೈಲಿನದೂ ಹೌದು. ಹೆಣ್ಣುಮಕ್ಕಳು ಮದುವೆಯಾದ ಕಡೆಗೆ ಕೊಂಬೆ ಮುಗಿಯುತ್ತದೆ. ಅವರು ಇನ್ನೊಂದು ಮನೆಯ ಮರದಲ್ಲಿ ತಂದೆತಾಯಿ ಇಲ್ಲದ ಹೆಂಡತಿಯಾಗಿ, ಬೇರೆ ಹೆಸರಿನಲ್ಲಿ ಚಿಗುರುತ್ತಾರೆ. ಗಂಡನ ಮನೆಯಲ್ಲಿ ಹೆಸರು ಬದಲಿಸುವುದು ನಮ್ಮ ಕಡೆ ಮೊನ್ನೆಮೊನ್ನೆಯವರೆಗೂ ಇತ್ತು. ಹೀಗಾಗಿ ಎರಡು ಮರಗಳನ್ನು ಕೂಡಿಸಿದಾಗ ಒಬ್ಬಳೇ ಇಬ್ಬರಾಗುತ್ತಾಳೆ. ಇದಕ್ಕೆ ತಿರುಗಾಮುರುಗಾ ಆಗುವುದೂ ಉಂಟು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಇಬ್ಬರು ಒಬ್ಬರಂತೆ ಕಾಣುತ್ತಾರೆ. ಜೋಡಿ ದಾಖಲೆಗಳನ್ನು ಹುಡುಕುವ ಸಾಧನ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಕೇಳುತ್ತದೆ, ಇವರಿಬ್ಬರೂ ಒಬ್ಬರೇ ಏನು, ಕೂಡಿಸಲೇ? ಸೋದರಮಾವನನ್ನೇ ಮದುವೆಯಾದವರ ಸಂಸಾರಗಳಲ್ಲಂತೂ ಮರ ಮರವಾಗಿರುವುದಿಲ್ಲ, ಬಲೆಯಾಗುತ್ತದೆ. ಒಬ್ಬನೇ ಮನುಷ್ಯ ಒಂದು ದಾರಿಯಲ್ಲಿ ಮುತ್ತಜ್ಜಿಯ ತಮ್ಮ, ಇನ್ನೊಂದು ದಾರಿಯಲ್ಲಿ ಅವಳ ಅಳಿಯ. ‘ಕೂಡಿಸು’ ಎಂಬ ಗುಂಡಿಯ ಮೇಲೆ ಬೆರಳಿಟ್ಟಾಗ ನಾನು ಮಾಡುತ್ತಿರುವುದು ಗುಮಾಸ್ತಿಕೆಯಲ್ಲ. ಇಬ್ಬರು ಬದುಕಿದ್ದರು ಎಂಬುದನ್ನು ಒಬ್ಬರೇ ಬದುಕಿದ್ದರು ಎಂದು ತೀರ್ಮಾನಿಸುತ್ತಿದ್ದೇನೆ. ಅಂಥ ಒಬ್ಬ ಹೆಂಗಸು ನನ್ನ ಮರದಲ್ಲಿ ಈಗಲೂ ಎರಡು ಕಡೆ ಇದ್ದಾಳೆ. ನೋಟ್‌ಬುಕ್ಕಿನಲ್ಲಿ ‘ತವರಿನಲ್ಲಿ ಬೇರೆ ಹೆಸರು’ ಎಂಬ ಒಂದು ಸಾಲು ಬಿಟ್ಟರೆ ಬೇರೆ ಆಧಾರ ಸಿಕ್ಕಿಲ್ಲ.

ಇಷ್ಟು ಸರಿ ತಪ್ಪುಗಳ ಮಾತಾಯಿತು. ಎಚ್ಚರವಿದ್ದರೆ ಇವನ್ನೆಲ್ಲ ನಿಭಾಯಿಸಬಹುದು. ನಾನು ಬಳಸುವ ಗ್ರ್ಯಾಂಪ್ಸ್ ಎಂಬ ಉಚಿತ ತಂತ್ರಾಂಶದಲ್ಲಿ, ಆಮದಾದ ಪ್ರತಿ ದಾಖಲೆಗೂ ಇಂಥ ಫೈಲಿನಿಂದ ಬಂದದ್ದು ಎಂಬ ಚೀಟಿಯನ್ನು ತಾನಾಗಿ ಅಂಟಿಸುವ ವ್ಯವಸ್ಥೆ ಇದೆ. ಬೇರೆಯವರ ಫೈಲನ್ನು ಪ್ರತ್ಯೇಕ ಮರವಾಗಿಯೇ ಇಟ್ಟುಕೊಂಡು, ಒಬ್ಬೊಬ್ಬರನ್ನಾಗಿ ವಿಚಾರಿಸಿ ತರಬಹುದು. ನಾನು ಮಾಡಿದ್ದೂ ಅದನ್ನೇ. ನಿಭಾಯಿಸಲಾಗದ್ದು ಸಿಕ್ಕಿದ್ದು ಟಿಪ್ಪಣಿಗಳ ಜಾಗದಲ್ಲಿ, ಅದೂ ಪೂರ್ತಿ ನಿಜವಾದ ಒಂದು ಸಂಗತಿಯಾಗಿ.

ಮುಂದಿನ ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ, ಯಾರ ಮನೆ ಎಂದು ಹುಡುಕಹೊರಟವರಿಗೆ ಸಿಗಬಾರದು. ಫೈಲಿನಲ್ಲಿ ನಮ್ಮ ಬಂಧುವೊಬ್ಬರ ಹೆಸರಿನ ಕೆಳಗೆ ಪುಟ್ಟ ಟಿಪ್ಪಣಿ ಇತ್ತು: ‘ದತ್ತು. ಅವನಿಗೆ ಗೊತ್ತಿಲ್ಲ. ಬಾಯಿ ಬಿಡಬಾರದು.’ ಆ ಮನುಷ್ಯ ಐವತ್ತು ದಾಟಿದವರು, ಆರೋಗ್ಯವಾಗಿದ್ದಾರೆ, ಹಬ್ಬಕ್ಕೆ ನಮಗೆಲ್ಲ ಫೋನ್ ಮಾಡುತ್ತಾರೆ. ಅವರ ತಾಯಿ ಕೊನೆಗಾಲದಲ್ಲಿ ದೊಡ್ಡಪ್ಪನೊಬ್ಬರಿಗೇ ಹೇಳಿದ್ದ ಮಾತು ಅದು.

ದೊಡ್ಡಪ್ಪನಿಗೆ ಫೋನ್ ಮಾಡಿ, ಆ ಟಿಪ್ಪಣಿ ಫೈಲಿನ ಜೊತೆಗೇ ಬಂದಿದೆ, ನಿಮಗೆ ಗೊತ್ತಾ ಎಂದು ಕೇಳಿದೆ.

‘ಅದೂ ಬರುತ್ತಾ? ನಾನು ನನ್ನ ನೆನಪಿಗೆ ಅಂತ ಬರೆದಿಟ್ಕೊಂಡಿದ್ದು ಕಣೇ.’

‘ಎಲ್ಲಾ ಬರುತ್ತೆ ದೊಡ್ಡಪ್ಪ.’

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಆದ್ರೆ ನಿಜ ತಾನೇ ಅದು? ವಂಶಾವಳಿ ಅಂದ್ಮೇಲೆ ನಿಜ ಬರೀಬೇಕಲ್ವಾ’ ಎಂದರು.

ಈ ವಾದವನ್ನು ಸುಲಭಕ್ಕೆ ತಳ್ಳಿಹಾಕಲು ಆಗುವುದಿಲ್ಲ. ಇಷ್ಟು ಹೊತ್ತು ಮಾತಿಗೆ ಆಡಿದವರು ಬೇಕು, ಆಕರ ಬೇಕು ಎಂದು ಹಟ ಹಿಡಿದವಳು ನಾನು. ಇಲ್ಲಿ ಆಡಿದವರು ಸ್ಪಷ್ಟವಾಗಿದ್ದಾರೆ, ವಾತ್ಸ್ಯಾಯನನ ಎರಡು ಷರತ್ತಿಗೂ ಒಪ್ಪುವ ಆಪ್ತೆ, ಸಾಕಿದ ತಾಯಿಯೇ. ಇದಕ್ಕಿಂತ ಗಟ್ಟಿ ದಾಖಲೆ ಇಡೀ ಫೈಲಿನಲ್ಲಿ ಇನ್ನೊಂದಿಲ್ಲ. ಆದರೆ ಮಾತಿಗೆ ಆಡಿದವರು ಇರುವಂತೆ ಕೇಳಿಸಿಕೊಂಡವರೂ ಇರುತ್ತಾರೆ. ಆ ತಾಯಿ ಹೇಳಿದ್ದು ದೊಡ್ಡಪ್ಪನಿಗೆ, ಇಂಥ ಹೊತ್ತಿನಲ್ಲಿ, ಇಂಥ ಭರವಸೆಯ ಮೇಲೆ. ನನಗೆ ಹೇಳಲಿಲ್ಲ. ತಂತ್ರಜ್ಞಾನದ ನೀತಿಯ ಬಗ್ಗೆ ಬರೆಯುವ ಹೆಲೆನ್ ನಿಸೆನ್‌ಬಾಮ್ ಎಂಬ ಚಿಂತಕಿ, ಖಾಸಗಿತನವೆಂದರೆ ವಿಷಯವನ್ನು ಮುಚ್ಚಿಡುವುದಲ್ಲ, ಅದು ಹೇಳಿದ ಸಂದರ್ಭಕ್ಕೆ ತಕ್ಕ ದಾರಿಯಲ್ಲೇ ಹರಿಯುವುದು ಎಂದು ವಾದಿಸುತ್ತಾರೆ. ವೈದ್ಯರಿಗೆ ಹೇಳಿದ್ದು ಇನ್ನೊಬ್ಬ ವೈದ್ಯರಿಗೆ ಹೋದರೆ ತಪ್ಪಿಲ್ಲ, ಕೆಲಸ ಕೊಟ್ಟ ಯಜಮಾನನಿಗೆ ಹೋದರೆ ತಪ್ಪು. ಫೈಲಿಗೆ ಈ ದಾರಿಗಳು ಕಾಣುವುದಿಲ್ಲ. ಅದರ ಮಟ್ಟಿಗೆ ಹುಟ್ಟಿದೂರು, ಗೋತ್ರ, ಒಬ್ಬ ತಾಯಿಯ ಕೊನೆಯ ಮಾತು ಎಲ್ಲವೂ ಒಂದೇ ಬಗೆಯ ಸಾಲುಗಳು.

ಹಾಗಾದರೆ ನನ್ನ ಪ್ರತಿಯಲ್ಲಿ ಅವರನ್ನು ಹೇಗೆ ಬರೆಯಬೇಕು? ದತ್ತು ಮಗ ಎಂದು ಗುರುತಿಸಲು ಗೆಡ್‌ಕಾಮ್‌ನಲ್ಲಿ ಪ್ರತ್ಯೇಕ ಸೂಚನೆ ಇದೆ. ನಾನು ಅದನ್ನು ಬಳಸಲಿಲ್ಲ. ಆ ಮನೆಯ ಮಗ ಎಂದಷ್ಟೇ ಬರೆದೆ, ಟಿಪ್ಪಣಿಯನ್ನು ಅಳಿಸಿದೆ. ಇದು ಸುಳ್ಳೇ? ಮಗ ಎಂಬುದು ಸುಳ್ಳಲ್ಲ. ಓದುವವರು ಹೆತ್ತ ಮಗ ಎಂದು ತಿಳಿಯುತ್ತಾರೆ, ತಿಳಿಯಲಿ ಎಂದೇ ಬಿಟ್ಟಿದ್ದೇನೆ, ಅಷ್ಟರ ಮಟ್ಟಿಗೆ ಪಾಲು ನನ್ನದೂ ಇದೆ. ಅವರಿಗೆ ತಮ್ಮ ಹುಟ್ಟನ್ನು ತಿಳಿಯುವ ಹಕ್ಕಿಲ್ಲವೇ ಎಂದು ಗೆಳತಿಯೊಬ್ಬಳು ಕೇಳಿದಳು. ಖಂಡಿತ ಇದೆ. ಆ ಹಕ್ಕಿಗೆ ಉತ್ತರ ಕೊಡಬೇಕಾದವರು ದೊಡ್ಡಪ್ಪ, ಏಕೆಂದರೆ ಭರವಸೆ ಕೊಟ್ಟವರು ಅವರು. ಮುರಿಯುವುದಾದರೂ ಎದುರು ಕೂತು, ತಾನು ಕೇಳಿದ ಮಾತು ಎಂದು ಹೇಳಿ ಮುರಿಯಬೇಕು. ಯಾವುದೋ ತಂತ್ರಾಂಶದ ಚೌಕಟ್ಟಿನೊಳಗಿಂದ ಆ ಮನುಷ್ಯನಿಗೆ ಅದು ಗೊತ್ತಾಗಬಾರದು.

ಸತ್ತವರ ವಿಷಯದಲ್ಲಿ ಇಷ್ಟೆಲ್ಲ ಸೂಕ್ಷ್ಮ ಬೇಕಿಲ್ಲ ಎಂಬ ಅಭಿಪ್ರಾಯ ಸಾಮಾನ್ಯ. ಯೂರೋಪಿನ ದತ್ತಾಂಶ ಕಾನೂನೂ ಸತ್ತವರನ್ನು ಹೊರಗಿಟ್ಟಿದೆ. ಇಲ್ಲಿ ಮಾರ್ಮನ್ ಚರ್ಚಿನ ಉಸಾಬರಿಗೆ ಬರುತ್ತೇನೆ. ಬದುಕಿದ್ದಾಗ ತಮ್ಮ ಧರ್ಮದ ಸಂಸ್ಕಾರ ಸಿಗದೆ ಹೋದ ಪೂರ್ವಜರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆಯಬಹುದು, ಅದನ್ನು ಒಪ್ಪುವುದು ಬಿಡುವುದು ಆ ಆತ್ಮಕ್ಕೆ ಬಿಟ್ಟದ್ದು ಎಂಬುದು ಅವರ ನಂಬಿಕೆ. ಅದಕ್ಕೆ ಪೂರ್ವಜರ ಹೆಸರು ಬೇಕು, ಹೆಸರಿಗಾಗಿ ಜಗತ್ತಿನ ದಾಖಲೆಗಳು ಬೇಕು. ಹರಿದ್ವಾರದ ವಹಿಗಳನ್ನು ಮೈಕ್ರೋಫಿಲ್ಮಿಗೆ ಇಳಿಸಿದ್ದೂ ಇದೇ ಚರ್ಚಿನ ಉಟಾ ವಂಶಾವಳಿ ಸಂಘ. ಆ ಶ್ರಮದ ಫಲವನ್ನು ನಾವೆಲ್ಲ ಉಣ್ಣುತ್ತಿದ್ದೇವೆ, ಅದನ್ನು ಮರೆಯಬಾರದು. ಆದರೆ ಹೆಸರುಗಳು ಸಿಕ್ಕಸಿಕ್ಕಲ್ಲಿಂದ ಬರತೊಡಗಿದಾಗ ನಾಜಿ ಶಿಬಿರಗಳಲ್ಲಿ ಸತ್ತ ಯಹೂದಿಗಳ ಹೆಸರೂ ಬಂದವು. ಯಹೂದಿಗಳೆಂಬ ಒಂದೇ ಕಾರಣಕ್ಕೆ ಕೊಲೆಯಾದವರಿಗೆ ಸತ್ತ ಮೇಲೆ ಬೇರೆ ಧರ್ಮದ ದೀಕ್ಷೆ. ಬದುಕುಳಿದವರ ಸಂಘಟನೆಗಳು ಪ್ರತಿಭಟಿಸಿದವು. 1995ರಲ್ಲಿ ಒಪ್ಪಂದವಾಗಿ, ಚರ್ಚು ಮೂರು ಲಕ್ಷಕ್ಕೂ ಹೆಚ್ಚು ಹೆಸರುಗಳನ್ನು ತನ್ನ ಪಟ್ಟಿಯಿಂದ ತೆಗೆಯಿತು. ನಂತರವೂ ಆನ್ ಫ್ರಾಂಕ್‌ಳಂಥವರ ಹೆಸರು ಮತ್ತೆ ಮತ್ತೆ ನುಸುಳಿದ್ದು ಸುದ್ದಿಯಾಯಿತು. ಕಳಿಸಿದ ಸದಸ್ಯರಲ್ಲಿ ಹೆಚ್ಚಿನವರಿಗೆ ಕೇಡೆಣಿಸುವ ಉದ್ದೇಶ ಇದ್ದಿರಲಾರದು. ಅವರಿಗೆ ಕಂಡದ್ದು ಹೆಸರು, ಹುಟ್ಟು, ಸಾವು, ಸ್ಥಳ. ಸ್ಥಳದ ಜಾಗದಲ್ಲಿ ಒಂದು ಶಿಬಿರದ ಹೆಸರಿದ್ದರೂ ಅದೊಂದು ಊರಿನ ಹಾಗೆಯೇ ಓದಿಸಿಕೊಂಡಿತು.

ನಾನು ಹೇಳಿದ ಮೇಲೆ ದೊಡ್ಡಪ್ಪ ಫೈಲಿನ ಟಿಪ್ಪಣಿಗಳನ್ನೆಲ್ಲ ಕೂತು ಓದಿದರು. ಅಂಥವು ಇನ್ನೂ ನಾಲ್ಕು ಇದ್ದವಂತೆ. ಎಲ್ಲವನ್ನೂ ತೆಗೆದು, ಬದುಕಿರುವವರನ್ನು ಬಿಟ್ಟು ಹೊಸ ಫೈಲು ಮಾಡುವುದು ಹೇಗೆಂದು ನನ್ನಿಂದಲೇ ಕೇಳಿ ಕಲಿತು, ಅದನ್ನು ಎಲ್ಲರಿಗೂ ಮತ್ತೆ ಕಳಿಸಿದರು. ಹಳೆಯದು ಅಷ್ಟರೊಳಗೆ ನನ್ನನ್ನೂ ಸೇರಿ ಏಳು ಮನೆಗಳಿಗೆ ಹೋಗಿತ್ತು. ಐವರು ಅಳಿಸಿದ್ದೇವೆ ಎಂದು ತಿಳಿಸಿದ್ದೇವೆ. ಒಬ್ಬರು ಹಳೆಯದನ್ನು ಯಾವುದೋ ಜಾಲತಾಣಕ್ಕೆ ಆಗಲೇ ಏರಿಸಿಬಿಟ್ಟಿದ್ದರು. ಬದುಕಿರುವವರ ವಿವರವನ್ನು ಅಲ್ಲಿ ಹೊರಗಿನವರಿಗೆ ತೋರಿಸುವುದಿಲ್ಲ ಎಂದು ಅವರು ಸಮಾಧಾನ ಹೇಳಿದರು. ಇನ್ನೊಬ್ಬರು ಫೋನ್ ಎತ್ತುತ್ತಿಲ್ಲ.